ಬಾಗಿಲು ಕಾಯುವವರು ನಾವೇ

1984ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಕಂಪ್ಯೂಟರ್, ಸಿಸ್ಟಮ್ಸ್ ಮತ್ತು ಸಿಗ್ನಲ್ ಪ್ರೊಸೆಸಿಂಗ್ ಕುರಿತ ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅಲ್ಲಿ ಚಾರ್ಲ್ಸ್ ಬೆನೆಟ್ ಮತ್ತು ಜೀಲ್ ಬ್ರಾಸಾರ್ ಅವರ ಐದು ಪುಟಗಳ ಪ್ರಬಂಧವೊಂದು ಬಂತು. ಬೆಳಕಿನ ಒಂದೊಂದೇ ಕಣವನ್ನು ಕಳಿಸಿ ಇಬ್ಬರು ಗುಪ್ತ ಕೀಲಿಯನ್ನು ಹಂಚಿಕೊಳ್ಳುವ ವಿಧಾನ ಅದು. ನಡುವೆ ಕದ್ದು ನೋಡಿದವನು ಕಣದ ಸ್ಥಿತಿಯನ್ನೇ ಕೆಡಿಸುತ್ತಾನೆ, ಹಾಗಾಗಿ ಸಿಕ್ಕಿಬೀಳುತ್ತಾನೆ. ಇಂದು ಅದನ್ನು ಜಗತ್ತು 'ಬಿಬಿ84' ಎನ್ನುತ್ತದೆ. ಕ್ವಾಂಟಮ್ ಮಾಹಿತಿ ವಿಜ್ಞಾನದ ಆಧಾರಸ್ತಂಭಗಳಲ್ಲಿ ಒಂದು ನಿಂತದ್ದು ನಮ್ಮೂರಿನಲ್ಲಿ.

ಕೆನಡಾದ ವಾಟರ್‌ಲೂನಲ್ಲಿ ಕೂತು ನಾನು ಇದನ್ನು ಎಷ್ಟೋ ಸಲ ಹೆಮ್ಮೆಯಿಂದ ಹೇಳಿದ್ದೇನೆ. ಈಗ ಹೇಳಲು ನಾಚಿಕೆಯಾಗುತ್ತದೆ.

ಕೆಲವು ವರ್ಷಗಳ ಹಿಂದೆ, ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಹಾವೇರಿ ಕಡೆಯ ಹುಡುಗಿಯೊಬ್ಬಳ ಪ್ರಬಂಧ ಉತ್ತರ ಅಮೆರಿಕದ ಒಂದು ಸಮ್ಮೇಳನಕ್ಕೆ ಆಯ್ಕೆಯಾಯಿತು. ಆಯ್ಕೆಯ ಪತ್ರ ಬಂದದ್ದು ಸಮ್ಮೇಳನಕ್ಕೆ ಎರಡು ತಿಂಗಳಿದ್ದಾಗ. "ಪೇಪರ್ ಬಂತು ಸರ್, ವೀಸಾ ಬರಲಿಲ್ಲ" ಎಂದು ಫೋನಿನಲ್ಲಿ ಹೇಳಿದಳು. ಕೊನೆಗೆ ಹಾಸ್ಟೆಲಿನ ಕೋಣೆಯಿಂದ, ಅವಳ ಲೆಕ್ಕಕ್ಕೆ ರಾತ್ರಿ ಎರಡು ಗಂಟೆಗೆ, ಪರದೆಯ ಮೇಲೆ ಮಾತಾಡಿದಳು. ಧ್ವನಿ ಎರಡು ಸಲ ಕಡಿಯಿತು. ಪ್ರಶ್ನೆ ಕೇಳುವ ಹೊತ್ತಿಗೆ ಅರ್ಧ ಸಭೆ ಕಾಫಿಗೆ ಎದ್ದಿತ್ತು. ಆ ಸ್ಥಳವನ್ನೂ ದಿನಾಂಕಗಳನ್ನೂ ನಿರ್ಧರಿಸಿದ ಸಭೆಯಲ್ಲಿ ನಾನೂ ಇದ್ದೆ. ತುಟಿ ಬಿಚ್ಚಿರಲಿಲ್ಲ.

ಗೆಳೆಯರು ಎರಡು ಸಮಾಧಾನ ಹೇಳುತ್ತಾರೆ. ಮೊದಲನೆಯದು, ಪ್ರಬಂಧಗಳೆಲ್ಲ ಆರ್ಕೈವ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತವಲ್ಲ, ಬರಲೇಬೇಕೇ ಎಂಬುದು. ಈ ಮಾತಿಗೆ ನಮ್ಮ ಶಾಸ್ತ್ರದ ಚರಿತ್ರೆಯೇ ಉತ್ತರ ಕೊಡುತ್ತದೆ. ಬೆನೆಟ್ ಮತ್ತು ಬ್ರಾಸಾರ್ ಪರಿಚಯವಾದದ್ದು 1979ರಲ್ಲಿ, ಪೋರ್ಟೊ ರಿಕೊದ ಸ್ಯಾನ್ ಹುವಾನ್‌ನಲ್ಲಿ ನಡೆದ ಸಮ್ಮೇಳನದ ವೇಳೆ, ಸಮುದ್ರದಲ್ಲಿ ಈಜುತ್ತಿದ್ದಾಗ. ಸಭಾಂಗಣದ ಹೊರಗಿನ ಆ ಮಾತುಕತೆ ಇಲ್ಲದಿದ್ದರೆ ಬೆಂಗಳೂರಿನ ಪ್ರಬಂಧವೂ ಇಲ್ಲ. ಓದಲು ಪ್ರಬಂಧ ಸಾಕು. ಜೊತೆ ಕೆಲಸ ಮಾಡುವವರು, ಮುಂದಿನ ಹುದ್ದೆ, ಅರ್ಧ ಹೊಳೆದ ಪ್ರಶ್ನೆ, ಇವೆಲ್ಲ ಸಿಗುವುದು ಊಟದ ಮೇಜಿನಲ್ಲಿ.

ಎರಡನೆಯದು, ವೀಸಾ ಸರ್ಕಾರದ ವಿಷಯ, ನಮ್ಮ ಕೈಯಲ್ಲಿಲ್ಲ ಎಂಬುದು. ವೀಸಾ ನಮ್ಮ ಕೈಯಲ್ಲಿಲ್ಲ, ಒಪ್ಪಿದೆ. ಊರು ಯಾವುದು, ಆಯ್ಕೆಯ ಪತ್ರ ಯಾವಾಗ ಹೋಗಬೇಕು ಎನ್ನುವುದು ಯಾರ ಕೈಯಲ್ಲಿದೆ? ನಮ್ಮ ಕ್ಷೇತ್ರದ ದೊಡ್ಡ ವಾರ್ಷಿಕ ಕೂಟ ಕ್ಯೂಐಪಿ 1998ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಶುರುವಾಯಿತು. 2007ರ ಡಿಸೆಂಬರ್‌ನಲ್ಲಿ ದೆಹಲಿಗೆ ಬಂದಿತ್ತು. ಆಮೇಲೆ ಜ್ಯೂರಿಚ್, ಮಾಂಟ್ರಿಯಲ್, ಸಿಡ್ನಿ, ಸಿಯಾಟಲ್, ಡೆಲ್ಫ್ಟ್ ಸುತ್ತಿತು. ಸಿಂಗಪುರ, ಬೀಜಿಂಗ್, ತೈಪೆಗೂ ಹೋಯಿತು. 2025ರ ಕೂಟದವರೆಗೆ ಭಾರತಕ್ಕೆ ಮರಳಲಿಲ್ಲ; ಆಫ್ರಿಕಾ, ದಕ್ಷಿಣ ಅಮೆರಿಕಗಳ ಮುಖವನ್ನೇ ನೋಡಲಿಲ್ಲ.

ನನ್ನ ಜಗಳ ಹೆಚ್ಚಾಗಿ ನಮ್ಮವರ ಜೊತೆ. ಹೊರದೇಶಗಳ ಸಮಿತಿಗಳಲ್ಲಿ ಕೂತಿರುವ ಭಾರತೀಯರು ಕಡಿಮೆಯೇನಿಲ್ಲ. ವೀಸಾ ಕಚೇರಿಯ ಸಾಲಿನಲ್ಲಿ ನಿಂತವರೇ ನಾವು; ಒಳಗೆ ಬಂದ ಮೇಲೆ ಸಾಲನ್ನು ಮರೆತೆವು. ನಾವು ಕೇಳಬೇಕಾದದ್ದು ಇಷ್ಟೆ: ಆಯ್ಕೆಯ ಪತ್ರ ಆರು ತಿಂಗಳು ಮುಂಚೆ ಹೋಗಲಿ, ಮೂರು ವರ್ಷಕ್ಕೊಮ್ಮೆಯಾದರೂ ಕೂಟ ಬಡ ಪಾಸ್‌ಪೋರ್ಟಿನವರು ತಲುಪಬಲ್ಲ ಊರಿನಲ್ಲಿ ನಡೆಯಲಿ. ಇದಕ್ಕೆ ಒಪ್ಪದ ಸಮಿತಿಯಲ್ಲಿ ನಾನಿನ್ನು ಕೂರುವುದಿಲ್ಲ.

ಊರಿನವರಿಗೂ ಒಂದು ಮಾತು. 2023ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 6,003 ಕೋಟಿಗೂ ಹೆಚ್ಚು ರೂಪಾಯಿ ಮಂಜೂರು ಮಾಡಿತು. ಯಂತ್ರ ಕೊಳ್ಳುವುದರ ಜೊತೆಗೆ ಜನರನ್ನೂ ಕರೆಯಿರಿ. ಹಾಗೆ ಕರೆದಾಗ ನೈಜೀರಿಯಾದ, ಇರಾನಿನ ವಿದ್ಯಾರ್ಥಿಯನ್ನು ನಮ್ಮ ಕಚೇರಿಗಳೂ ಹೀಗೇ ಅಲೆಸಿದರೆ, ಬಿಬಿ84ರ ಹೆಮ್ಮೆ ಬೆಂಗಳೂರಿಗೂ ಒಪ್ಪುವುದಿಲ್ಲ.

ಆ ಹುಡುಗಿ ಈಗ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ಒಳ್ಳೆಯ ಸಂಬಳವಂತೆ. ಅವಳ ಪ್ರಬಂಧದ ಕೊನೆಯಲ್ಲಿ ಬಿಟ್ಟಿದ್ದ ಪ್ರಶ್ನೆಯನ್ನು ಯಾರೂ ಇನ್ನೂ ಬಿಡಿಸಿಲ್ಲ.