‘ಅಸಲು ಬಂದ್ರೆ ಸಾಕು’

ನಾನು ಸಾಗರದ ಕಡೆಯ ಅಡಿಕೆ ಬೆಳೆಗಾರ. ತೊಂಬತ್ತರ ದಶಕದಿಂದ ಷೇರು ಕೊಳ್ಳುತ್ತ ಬಂದವನೆಂದು ಊರಿಗೆಲ್ಲ ಗೊತ್ತು. ಹಾಗಾಗಿ ಮದುವೆಮನೆ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ದನಿ ತಗ್ಗಿಸಿ ಕೇಳುತ್ತಾರೆ: ‘ಒಂದು ಷೇರು ತಗೊಂಡಿದ್ದೆ, ಪೂರ್ತಿ ಬಿದ್ದೋಯ್ತು. ಏನ್ಮಾಡ್ಲಿ?’ ನಾನು ಬಾಯಿ ತೆರೆಯುವ ಮೊದಲೇ ಉತ್ತರವನ್ನೂ ಅವರೇ ಹೇಳಿಬಿಡುತ್ತಾರೆ: ‘ಅಸಲು ಬಂದ್ರೆ ಸಾಕು, ಮಾರಿ ಕೈ ತೊಳ್ಕೋತೀನಿ.’

ದುರಾಸೆಗೆ ಬಿದ್ದು ಕಳೆದುಕೊಂಡವರಿಗಿಂತ ಈ ಒಂದು ಮಾತಿಗೆ ಕಟ್ಟುಬಿದ್ದು ಕಳೆದುಕೊಂಡವರನ್ನೇ ನಾನು ಹೆಚ್ಚು ಕಂಡಿದ್ದೇನೆ. ಜೂಜುಕೋರರಲ್ಲ ಅವರು, ಸೊಸೈಟಿ ಸಾಲವನ್ನು ಗಡುವಿನೊಳಗೆ ಕಟ್ಟುವ ಜನ. 400 ರೂಪಾಯಿಗೆ ಕೊಂಡ ಷೇರು 80ಕ್ಕೆ ಇಳಿದಿದ್ದರೆ ಅಸಲು ಬರಲು ಅದು ಐದು ಪಟ್ಟಾಗಬೇಕು. ‘ಐದು ಪಟ್ಟಾಗುವ ಷೇರು ಯಾವುದಾದರೂ ಹೇಳಿ’ ಎಂದರೆ ‘ಅಂಥದ್ದೆಲ್ಲಿ ಸಿಗುತ್ತೆ ಮಾರಾಯ್ರೆ’ ಎಂದು ನಗುವವರು, ತಮ್ಮ ಹತ್ತಿರ ಇರುವುದು ಮಾತ್ರ ಆಗಿಯೇ ಆಗುತ್ತದೆಂದು ಕೂತಿರುತ್ತಾರೆ. ನೀವು ಎಷ್ಟಕ್ಕೆ ಕೊಂಡಿರೆಂಬುದು ಆ ಕಂಪನಿಗೂ ಗೊತ್ತಿಲ್ಲ, ಮಾರುಕಟ್ಟೆಗೂ ಬೇಕಿಲ್ಲ.

ಮಗಳ ಕಾಲೇಜು ಫೀಸಿಗೆ ದುಡ್ಡು ಬೇಕಾದಾಗ ಮಾರುವುದು ಯಾವುದನ್ನು? ಲಾಭದಲ್ಲಿರುವ ಒಳ್ಳೆಯ ಷೇರನ್ನು. ಅಮೆರಿಕದ ಟೆರನ್ಸ್ ಓಡೀನ್ ಒಂದು ಬ್ರೋಕರ್ ಸಂಸ್ಥೆಯ 10,000 ಖಾತೆಗಳ ವ್ಯವಹಾರ ಜಾಲಾಡಿ 1998ರಲ್ಲಿ ಪ್ರಬಂಧ ಪ್ರಕಟಿಸಿದರು. ಅಲ್ಲಿನವರೂ ಗೆದ್ದದ್ದನ್ನು ಮಾರಿ ಸೋತದ್ದನ್ನು ಇಟ್ಟುಕೊಂಡಿದ್ದರು. ಮಾರಿದ ಷೇರುಗಳು ಮುಂದಿನ ಒಂದು ವರ್ಷದಲ್ಲಿ ಉಳಿಸಿಕೊಂಡವಕ್ಕಿಂತ ಸರಾಸರಿ ಶೇ 3.4ರಷ್ಟು ಹೆಚ್ಚು ಗಳಿಸಿಕೊಟ್ಟವು. ನಮ್ಮಲ್ಲಾದರೋ ನಷ್ಟಕ್ಕೆ ಮಾರಿದರೂ ಒಂದು ಪ್ರಯೋಜನವಿದೆ: ರಿಟರ್ನ್ಸ್ ಸಕಾಲಕ್ಕೆ ಸಲ್ಲಿಸಿದ್ದರೆ ಆ ನಷ್ಟವನ್ನು ಮುಂದಿನ 8 ವರ್ಷ ಷೇರಿನ ಲಾಭದಲ್ಲಿ ವಜಾ ಮಾಡಿಕೊಳ್ಳಬಹುದು. ಆದರೂ ಮನಸ್ಸು ಬರುವುದಿಲ್ಲ.

ಯಾಕೆ ಬರುವುದಿಲ್ಲ ಎಂದು ತಿಳಿಯಬೇಕಾದರೆ ಬೋರ್‌ವೆಲ್ ಕೊರೆಸುವ ಜಾಗಕ್ಕೆ ಹೋಗಬೇಕು. 400 ಅಡಿಯಾಗಿದೆ, ಬರೀ ಬಿಳಿ ಧೂಳು. ರಿಗ್‌ನವನು ಇಂಜಿನ್ ಸದ್ದು ಇಳಿಸಿ ಯಜಮಾನರ ಮುಖ ನೋಡುತ್ತಾನೆ. ಧೂಳಿಗೆ ಟವೆಲ್ ಅಡ್ಡ ಹಿಡಿದ ಅಕ್ಕಪಕ್ಕದ ತೋಟದವರೂ ಅವರ ಮುಖವನ್ನೇ ನೋಡುತ್ತಾರೆ. ‘ಇಷ್ಟು ಹೋಗಿದೀವಲ್ಲ, ಇನ್ನೊಂದು 50 ಅಡಿ ಹೊಡೀರಿ.’ ಆಳ ಹೆಚ್ಚಿದಂತೆ ಅಡಿಯ ದರವೂ ಏರುತ್ತದೆ. ನೀರು ಸಿಗುವ ಭರವಸೆ ಏರಿರುವುದಿಲ್ಲ. 450ಕ್ಕೆ ಮತ್ತೆ ಅದೇ ಮಾತು. ನಿಲ್ಲಿಸಿ ಎಂದರೆ ಅಷ್ಟೂ ದುಡ್ಡು ಹೋಯಿತೆಂದು ಎಲ್ಲರೆದುರು ಒಪ್ಪಿದಂತೆ. ಅನ್ನದಿರುವವರೆಗೂ ಅದು ಹೋಗಿಲ್ಲ, ಗುಂಡಿಯೊಳಗೆ ಇದೆ. ರಾತ್ರಿ ಹತ್ತಕ್ಕೆ ಲಾರಿ ಹೊರಟಾಗ ಯಜಮಾನರು ಬೈಯುವುದು ನೀರು ನೋಡಿದವನನ್ನು.

ಕಾನೆಮನ್ ಮತ್ತು ಟ್ವರ್ಸ್ಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲಿ ಬರೆದದ್ದು ಇದನ್ನೇ. ಲಾಭದಲ್ಲಿರುವ ಮನುಷ್ಯ ಹುಷಾರಾಗಿರುತ್ತಾನೆ, ಸಿಕ್ಕಿದ್ದು ಸಾಕೆನ್ನುತ್ತಾನೆ. ನಷ್ಟದಲ್ಲಿರುವವನು ಅದನ್ನು ಸರಿಗಟ್ಟಲು ಇನ್ನೂ ದೊಡ್ಡ ಅಪಾಯಕ್ಕೆ ಕೈಹಾಕುತ್ತಾನೆ. ಟ್ವರ್ಸ್ಕಿ 1996ರಲ್ಲೇ ತೀರಿಕೊಂಡರು. ಕಾನೆಮನ್‌ಗೆ 2002ರಲ್ಲಿ ನೊಬೆಲ್ ಬಂತು, ಅದೂ ಅರ್ಥಶಾಸ್ತ್ರದಲ್ಲಿ.

ಈಗ ಸೆಬಿಯ ಲೆಕ್ಕ ನೋಡಿ. 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರ ಮಾಡಿದ ವ್ಯಕ್ತಿಗಳಲ್ಲಿ ಶೇ 93 ಮಂದಿ ನಷ್ಟ ಕಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ನನ್ನ ಕಣ್ಣು ನಿಂತದ್ದು ಇನ್ನೊಂದು ಸಾಲಿನ ಮೇಲೆ: ವರ್ಷದ ಮೇಲೆ ವರ್ಷ ಸೋತರೂ ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಜನ ಆಟ ಬಿಡಲಿಲ್ಲ. ಟಿವಿಯಲ್ಲಿ ಇದನ್ನು ಯುವಕರ ದುರಾಸೆ ಎನ್ನುತ್ತಾರೆ. ನನಗೆ ಕಾಣುವುದು ‘ಇನ್ನೊಂದು 50 ಅಡಿ’.

ಹಾಗಾದರೆ ಕಾಯುವುದೇ ತಪ್ಪೇ? ಅಡಿಕೆ ಬೆಳೆಯುವವನು ಹಾಗೆನ್ನಲಾರ. ಕೊಳೆರೋಗ ಹೆಚ್ಚಿದೆ, ಮುಂದೆ ಮಾಲು ಕಡಿಮೆ ಬರುತ್ತದೆ ಎಂದು ಮೂಟೆ ಇಟ್ಟುಕೊಂಡರೆ ಅದರಲ್ಲೊಂದು ಲೆಕ್ಕಾಚಾರವಿದೆ. ಆದರೆ 2014ರಲ್ಲಿ ರಾಶಿ ಅಡಿಕೆ ಧಾರಣೆ ಕಂಡು ಕೇಳದ ಎತ್ತರಕ್ಕೆ ಹೋಯಿತಲ್ಲ, ಆ ಅಂಕಿ ನಮ್ಮ ಕಡೆಯ ಎಷ್ಟೋ ತಲೆಗಳಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಮಂಡಿಯಲ್ಲಿಟ್ಟ ಮಾಲಿನ ಮೇಲೆ ಮುಂಗಡ ಎತ್ತಿ, ಬಡ್ಡಿ ಕಟ್ಟುತ್ತ, ಅದೇ ಧಾರಣೆಗೆ ಕಾದವರನ್ನು ನೋಡಿದ್ದೇನೆ. ಮಾಲಿನ ಬಣ್ಣ ಮಾಸಿತು, ಬಡ್ಡಿ ಬೆಳೆಯಿತು. ಕೇಳಿದರೆ ‘ಆಗ ಅಷ್ಟಿತ್ತಲ್ಲ’ ಎಂಬುದೊಂದೇ ಸಮಾಧಾನ.

ನಮ್ಮ ಮನೆಯಲ್ಲಿ ಷೇರು ಮಾರುವ ಕೆಲಸ ಹೆಂಡತಿಯದು. ವರ್ಷಕ್ಕೊಮ್ಮೆ, ಅಡಿಕೆ ಸುಗ್ಗಿ ಮುಗಿದ ಮೇಲೆ, ಒಂದು ಹಾಳೆಯಲ್ಲಿ ಕಂಪನಿಯ ಹೆಸರು, ಇವತ್ತಿನ ಬೆಲೆ, ಇಟ್ಟುಕೊಳ್ಳಲು ನನಗಿರುವ ಕಾರಣ ಬರೆದು ಕೊಡುತ್ತೇನೆ. ಕೊಂಡ ಬೆಲೆ ಬರೆಯುವುದಿಲ್ಲ. ‘ಈ ದುಡ್ಡು ಇವತ್ತು ಕೈಗೆ ಬಂದಿದ್ರೆ ಇದನ್ನೇ ತಗೋತಿದ್ರಾ?’ ಎಂದು ಪ್ರತಿ ಸಾಲಿಗೂ ಕೇಳುತ್ತಾಳೆ. ನಾನು ತಡವರಿಸಿದ ಸಾಲಿಗೆ ಗೀಟು ಬೀಳುತ್ತದೆ. ವಕೀಲರೂ ಇಷ್ಟು ಪಾಟೀಸವಾಲು ಮಾಡಲಿಕ್ಕಿಲ್ಲ.

ಎಲ್ಲರ ಮನೆಯಲ್ಲೂ ಇದು ನಡೆಯುವಂಥದ್ದಲ್ಲ, ಒಪ್ಪುತ್ತೇನೆ. ಆದರೆ ಮೊಬೈಲ್ ಆ್ಯಪ್‌ಗಳು ಇದರ ಅರ್ಧ ಕೆಲಸ ಮಾಡಬಹುದು. ಈಗ ಖಾತೆ ತೆರೆದರೆ ಮೊದಲು ಕಣ್ಣಿಗೆ ಹೊಡೆಯುವುದೇ ಕೊಂಡ ಬೆಲೆಗೆ ಹೋಲಿಸಿದ ಲಾಭ–ನಷ್ಟ, ಒಂದು ಹಸಿರಲ್ಲಿ, ಇನ್ನೊಂದು ಕೆಂಪಲ್ಲಿ. ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಸೋಲುತ್ತಾರೆಂಬ ಎಚ್ಚರಿಕೆಯನ್ನು ಸೆಬಿ 2023ರಿಂದ ತೋರಿಸುವಂತೆ ಮಾಡಿದೆ. ಹುಡುಗರು ಓದದೆ ಒತ್ತಿ ಮುಂದೆ ಹೋಗುತ್ತಾರೆ. ಇನ್ನೊಂದು ಎಚ್ಚರಿಕೆ ಸೇರಿಸುವ ಬದಲು ಆ ಕೆಂಪು ಅಂಕಿಯನ್ನೇ ಮೊದಲ ಪುಟದಿಂದ ತೆಗೆಸಲಿ. ಕೊಂಡ ಬೆಲೆ ಬೇಕಾದವರು ಜುಲೈನಲ್ಲಿ, ತೆರಿಗೆ ಲೆಕ್ಕ ಬರೆಯುವಾಗ, ಒಳಗೆ ಹೋಗಿ ನೋಡಿಕೊಳ್ಳಲಿ.