ಹರಳಯ್ಯನವರು ಎಲ್ಲಿ ಕುಳಿತಿದ್ದರು?



ಕಳೆದ ತಿಂಗಳು ದುಂಡಸಿಯ ನಮ್ಮ ಮನೆಗೆ ತಮ್ಮನ ಮಗಳು ಬಂದಿದ್ದಳು. ಇಂಜಿನಿಯರಿಂಗ್ ಕೊನೆಯ ವರ್ಷ. ಊಟಕ್ಕೆ ಕೂತಾಗ ಕೇಳಿದಳು: "ದೊಡ್ಡಪ್ಪ, ಅನುಭವ ಮಂಟಪದಾಗ ಹರಳಯ್ಯನವರು ಎಲ್ಲಿ ಕೂಡತಿದ್ರು?"

ಅವಳ ತಂಡ ಪ್ರಾಜೆಕ್ಟಿಗಾಗಿ ಕಂಪ್ಯೂಟರಿನಲ್ಲಿ ಅನುಭವ ಮಂಟಪ ಕಟ್ಟುತ್ತಿದೆ. ಕಣ್ಣಿಗೊಂದು ಸಾಧನ ಹಾಕಿಕೊಂಡರೆ ಅದರೊಳಗೆ ಓಡಾಡಬಹುದು, ಬೇರೆ ಊರಿನಲ್ಲಿದ್ದವರೊಡನೆ ಅಲ್ಲಿಯೇ ಮಾತಾಡಬಹುದು. ನಾನು ನಿರುತ್ತರನಾದೆ. ಇಷ್ಟು ವರ್ಷ ಪ್ರವಚನ ಕೇಳಿಯೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಇಂಥ ಕಲಿಕೆಯನ್ನು ಆಟವೆಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪಲಾರೆ. ಸುರತ್ಕಲ್ಲಿನ ಎನ್.ಐ.ಟಿ.ಕೆ. ಪಾಲ್ಗೊಂಡಿರುವ ವರ್ಚುವಲ್ ಲ್ಯಾಬ್ಸ್ ಯೋಜನೆಯಿಂದಾಗಿ, ಪ್ರಯೋಗಾಲಯವಿಲ್ಲದ ಕಾಲೇಜಿನ ಮಕ್ಕಳೂ ಅಂತರ್ಜಾಲದಲ್ಲಿ ಪ್ರಯೋಗ ಮಾಡಬಹುದು. ಹಂಪಿಯನ್ನು ಕಂಪ್ಯೂಟರಿನಲ್ಲಿ ಮರುರೂಪಿಸಿದ 'ಡಿಜಿಟಲ್ ಹಂಪಿ' ಯೋಜನೆಯಲ್ಲಿ ನಮ್ಮ ಹುಬ್ಬಳ್ಳಿಯ ಬಿ.ವಿ.ಬಿ. ತಾಂತ್ರಿಕ ಕಾಲೇಜೂ ಕೈಜೋಡಿಸಿತ್ತು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕಟ್ಟಿದ ಕೆ.ಎಲ್.ಇ. ಸಂಸ್ಥೆಯ ಕಾಲೇಜದು.

ನೋಡುವುದಕ್ಕೂ ಕಟ್ಟುವುದಕ್ಕೂ ಅಂತರವಿದೆ. ವೇದಿಕೆಯ ಮೇಲೆ "ಎಲ್ಲರೂ ಸಮಾನರಾಗಿ ಕುಳಿತರು" ಎಂದು ಹೇಳಿ ಮುಂದೆ ಹೋಗಬಹುದು. ಕಟ್ಟುವವರಿಗೆ ಅದು ಸಾಲದು. ಯಾರ ಪಕ್ಕ ಯಾರ ಚಾಪೆ? ಅಕ್ಕಮಹಾದೇವಿ ನಿಂತದ್ದೆಲ್ಲಿ? ಅಲ್ಲಮರ ಪೀಠ ಎಷ್ಟು ಎತ್ತರ? ಸಮಾನತೆಯನ್ನು ಅಡಿ ಅಂಗುಲದಲ್ಲಿ ಅಳೆಯಬೇಕಾಗುತ್ತದೆ. ಇದು ಕಾಯಕದಿಂದ ಬರುವ ಅರಿವು.

ಆದರೆ ಒಂದು ಎಚ್ಚರ ಬೇಕು. ಪರದೆಯ ಮೇಲೆ ಆಧಾರವೂ ಊಹೆಯೂ ಒಂದೇ ತೆರನಾಗಿ ಹೊಳೆಯುತ್ತವೆ. ಶರಣರು 12ನೆಯ ಶತಮಾನದವರು. ಅವರ ಸಂವಾದವನ್ನು ಕಟ್ಟಿಕೊಡುವ ಶೂನ್ಯಸಂಪಾದನೆಗಳು ಶತಮಾನಗಳ ನಂತರದವು. ಮಂಟಪ ಹೀಗೆಯೇ ಇತ್ತೆಂದು ತೋರಿಸುವ ಅಂದಿನ ಚಿತ್ರ ನಮ್ಮಲ್ಲಿಲ್ಲ. ಫ.ಗು. ಹಳಕಟ್ಟಿಯವರು ಮನೆ ಮನೆ ತಿರುಗಿ ತಾಳೆಗರಿ ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಅಚ್ಚಿಗೆ ತಂದದ್ದು ಇಂಥ ಆಧಾರಕ್ಕಾಗಿಯೇ. ಆದ್ದರಿಂದ ಮಕ್ಕಳು ಪ್ರತಿ ಕಂಬದ ಪಕ್ಕ ಇದು ಗ್ರಂಥದಿಂದ, ಇದು ನಮ್ಮ ಕಲ್ಪನೆ ಎಂದು ಬರೆದಿಡಲಿ. ಇಲ್ಲವಾದರೆ ನಾಳೆ ನಮ್ಮ ಊಹೆಯೇ ಇತಿಹಾಸವಾದೀತು.

ನಮ್ಮ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲೇ ಜಾನಪದ ವಿಶ್ವವಿದ್ಯಾಲಯವಿದೆ. ಅಲ್ಲಿಯವರು ಹಿರಿಯರಿಂದ ಕೇಳಿ ತಿಳಿದದ್ದನ್ನು ಇಂಜಿನಿಯರಿಂಗ್ ಮಕ್ಕಳ ಕೈಗೆ ಕೊಡಲಿ. ಕಟ್ಟಿದ್ದು ಅಂಕಪಟ್ಟಿಯೊಂದಿಗೆ ಮುಗಿಯದೆ ಹಳ್ಳಿಯ ಶಾಲೆಗೆ ದಾಸೋಹವಾಗಿ ಬರಲಿ. ಅದಕ್ಕೆ ಬೇಕಾದ ಒಂದೆರಡು ಸಾಧನಗಳನ್ನು ಮಠಗಳು ಕೊಡಿಸಲಿ.

ಮೊನ್ನೆ ಅವಳು ಫೋನ್ ಮಾಡಿದ್ದಳು. ಹರಳಯ್ಯನವರ ಪಕ್ಕದ ಚಾಪೆ ಖಾಲಿ ಬಿಟ್ಟಿದ್ದಾರಂತೆ. ನೋಡಲು ಬಂದವರು ಅಲ್ಲೇ ಕೂಡಬೇಕಂತೆ. ನನಗೆ ಸಂತೋಷವಾಯಿತು, ಸಂಕಟವೂ ಆಯಿತು. ನಮ್ಮ ಊರುಗಳ ಪಂಕ್ತಿಯಲ್ಲಿ ಹಾಗೆ ಕೂಡಲು ಯಾವ ಸಾಧನವೂ ಬೇಕಿಲ್ಲ. ಆದರೂ ಎಷ್ಟು ಜನ ಕೂಡುತ್ತಿದ್ದೇವೆ?