ದಂಡಿನ ಸೊಸೆಯರಿಗೆ ಚಾಮರಾಜಪೇಟೆ ದೂರವಾಗಬಾರದು

2008ರ ಗಣರಾಜ್ಯೋತ್ಸವದಂದು ದೆಹಲಿಯಲ್ಲಿ ಸುಭಾಷಿಣಿ ವಸಂತ್ ರಾಷ್ಟ್ರಪತಿಗಳ ಕೈಯಿಂದ ಅಶೋಕ ಚಕ್ರ ಪಡೆದರು. ಅವರ ಪತಿ ಕರ್ನಲ್ ವಸಂತ್ ವೇಣುಗೋಪಾಲ್ ನಮ್ಮ ಮಲ್ಲೇಶ್ವರದ ಎಂಇಎಸ್ ಕಾಲೇಜಿನಲ್ಲಿ ಓದಿದವರು. 2007ರ ಜುಲೈ 31ರಂದು ಕಾಶ್ಮೀರದ ಉರಿ ವಲಯದಲ್ಲಿ ನುಸುಳುಕೋರರನ್ನು ಎದುರಿಸುತ್ತಾ ಪ್ರಾಣ ಕೊಟ್ಟರು. ಹಸಿರು ಪಟ್ಟಿ, ಅದರ ನಡುವೆ ಕೇಸರಿ ಗೆರೆ, ಕೆಳಗೆ ಚಿನ್ನದ ಲೇಪದ ದುಂಡು ಪದಕ, ಪದಕದ ಮಧ್ಯೆ ತಾವರೆ ಹಾರ ಸುತ್ತಿದ ಅಶೋಕನ ಚಕ್ರ. ಈ ಪದಕವನ್ನು ರೂಪಿಸಿದವರೂ ಒಬ್ಬ ಸೇನಾಧಿಕಾರಿಯ ಹೆಂಡತಿಯೇ. ಆಕೆಯ ತವರು ಸ್ವಿಟ್ಜರ್ಲೆಂಡ್.

1913ರಲ್ಲಿ ಹುಟ್ಟಿದ ಈವ್ ಇವಾನ್ ಮಡೇ ಅವರ ತಂದೆ ಹಂಗೇರಿಯವರು, ತಾಯಿ ರಷ್ಯದವರು. ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿಯಲ್ಲಿದ್ದ ವಿಕ್ರಮ್ ಖಾನೋಲ್ಕರ್ ರಜೆಯಲ್ಲಿದ್ದಾಗ ಇಬ್ಬರಿಗೂ ಪರಿಚಯವಾಯಿತು. ತಂದೆಗೆ ಇಷ್ಟವಿರಲಿಲ್ಲ, ಹುಡುಗಿ ಪಟ್ಟು ಬಿಡಲಿಲ್ಲ. 1932ರಲ್ಲಿ ಲಖನೌನಲ್ಲಿ ಮದುವೆ. ಈವ್ ಸಾವಿತ್ರಿಬಾಯಿಯಾದರು, ಮಾಂಸಾಹಾರ ಬಿಟ್ಟರು, ಮರಾಠಿ, ಹಿಂದಿ, ಸಂಸ್ಕೃತ ಕಲಿತರು, ಪುರಾಣಗಳನ್ನು ಆಳವಾಗಿ ಓದಿಕೊಂಡರು. ಸ್ವಾತಂತ್ರ್ಯ ಬಂದ ಮೇಲೆ ಪರಮವೀರ ಚಕ್ರ ಹೇಗಿರಬೇಕೆಂದು ಯೋಚಿಸುತ್ತಿದ್ದ ಮೇಜರ್ ಜನರಲ್ ಹೀರಾಲಾಲ್ ಅಟಲ್ ಆ ಕೆಲಸವನ್ನು ಇವರಿಗೇ ಒಪ್ಪಿಸಿದರು. ದೇವತೆಗಳ ವಜ್ರಾಯುಧಕ್ಕಾಗಿ ತನ್ನ ಮೂಳೆಯನ್ನೇ ಕೊಟ್ಟ ದಧೀಚಿಯನ್ನು ಸಾವಿತ್ರಿಬಾಯಿ ನೆನೆದರು. ಕಂಚಿನ ಪದಕದ ಮೇಲೆ ನಾಲ್ಕು ವಜ್ರಾಯುಧಗಳು ಮೂಡಿದವು. 1952ರಲ್ಲಿ ಗಂಡ ತೀರಿಕೊಂಡರು. ಸಾವಿತ್ರಿಬಾಯಿ 1990ರವರೆಗೆ ಈ ನೆಲದಲ್ಲೇ ಬಾಳಿದರು.

ಈ ಕಥೆ ಹೇಳುವಾಗಲೆಲ್ಲ ಆಕೆ ಎಷ್ಟು ಚೆನ್ನಾಗಿ ನಮ್ಮವಳಾದಳು ಎಂದು ಕೊಂಡಾಡುತ್ತೇವೆ. ಹೆಸರು, ಊಟ, ಮಾತು ಎಲ್ಲವನ್ನೂ ಬದಲಿಸಿಕೊಂಡದ್ದು ಆಕೆಯೊಬ್ಬಳೇ ಎಂಬುದು ಮಾತ್ರ ನಮ್ಮ ಗಮನಕ್ಕೆ ಬರುವುದಿಲ್ಲ. ಕೊರಿಯಾ ಯುದ್ಧದ ನಂತರ ಅಮೆರಿಕನ್ ಸೈನಿಕರ ಕೈಹಿಡಿದು ಕಡಲು ದಾಟಿದ ಸಾವಿರಾರು ಕೊರಿಯನ್ ಹೆಣ್ಣುಮಕ್ಕಳ ಪಾಡೂ ಇದೇ. ತವರಿನಲ್ಲಿ ಕೊಂಕು ಮಾತು, ಹೋದಲ್ಲಿ ಅನುಮಾನ, ಗಂಡನ ಮನೆಯ ಅಡುಗೆ ಕಲಿಯಲೇಬೇಕಾದ ಒತ್ತಾಯ. ಹಾಗಿದ್ದೂ ಅಕ್ಕತಂಗಿಯರನ್ನು, ಅಣ್ಣತಮ್ಮಂದಿರನ್ನು ಕರೆಸಿಕೊಂಡು ಅಲ್ಲಿ ಕೊರಿಯನ್ ಸಮುದಾಯ ಬೆಳೆಯಲು ಕಾರಣರಾದವರು ಅವರೇ.

ಬೆಂಗಳೂರಿಗೆ ಇದು ಪರದೇಶದ ಸಂಗತಿಯಲ್ಲ. ಹಲಸೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್, ಆರ್ಮಿ ಸರ್ವಿಸ್ ಕೋರ್ (ಎಎಸ್‌ಸಿ) ಕೇಂದ್ರ, ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ, ಜಾಲಹಳ್ಳಿಯ ವಾಯುನೆಲೆ ಇವೆಲ್ಲಕ್ಕೂ ದೇಶದ ಮೂಲೆಮೂಲೆಯಿಂದ ಸೈನಿಕರು ವರ್ಗವಾಗಿ ಬರುತ್ತಾರೆ, ಜೊತೆಗೆ ಹೆಂಡತಿ ಮಕ್ಕಳೂ. ದಂಡಿಗೂ ಪೇಟೆಗೂ 1949ರವರೆಗೆ ಬೇರೆಬೇರೆ ಆಡಳಿತವಿತ್ತು. ಎರಡೂ ಒಂದಾಗಿ ಏಳು ದಶಕ ದಾಟಿದರೂ ಬಸವನಗುಡಿ, ಮಲ್ಲೇಶ್ವರದ ಮನೆಗಳಿಗೂ ದಂಡಿನ ಕ್ವಾರ್ಟರ್ಸ್‌ಗಳಿಗೂ ಬಳಕೆ ಬೆಳೆಯಲಿಲ್ಲ. ಆ ಹೆಂಗಸರ ಮುಖ ನಾವು ನೋಡುವುದು ಗಂಡನ ಶವಪೆಟ್ಟಿಗೆಯ ಪಕ್ಕದಲ್ಲಿ, ಇಲ್ಲವೇ ಪದಕದ ಫೋಟೋದಲ್ಲಿ. ಭರತನಾಟ್ಯ ಕಲಾವಿದೆಯಾದ ಸುಭಾಷಿಣಿ ಅವರು ವಸಂತರತ್ನ ಪ್ರತಿಷ್ಠಾನ ಕಟ್ಟಿ ಹುತಾತ್ಮರ ಕುಟುಂಬಗಳ ಜೊತೆ ನಿಂತಿದ್ದಾರೆ. ಗಂಡ ಬದುಕಿರುವಾಗಲೇ ಈ ಹೆಂಗಸರ ಕಡೆ ನೋಡುವ ಕೆಲಸವಾದರೂ ನಮ್ಮದಾಗಬೇಡವೇ?

ಎರಡು ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುವವಳಿಗೆ ನೌಕರಿ ಕೈಗೆ ಹತ್ತುವುದಿಲ್ಲ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಂತೆ ಮಗು ಶಾಲೆಯಲ್ಲಿ ಕನ್ನಡ ಓದುತ್ತದೆ. ಅದು ಸರಿಯಾದ ಕಾಯ್ದೆ. ಆದರೆ ಸಂಜೆ ಮಗು ಕಾಗುಣಿತದ ಪುಸ್ತಕ ಬಿಚ್ಚಿ ಕೂತರೆ ಗಢವಾಲದಿಂದಲೋ ಮಣಿಪುರದಿಂದಲೋ ಬಂದ ತಾಯಿ ಏನು ಹೇಳಿಕೊಟ್ಟಾಳು?

ಚಾಮರಾಜಪೇಟೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿದೆ, 1915ರಲ್ಲಿ ಹುಟ್ಟಿದ ಸಂಸ್ಥೆ. ಕಾವ, ಜಾಣ, ರತ್ನ ಪರೀಕ್ಷೆಗಳನ್ನು ನಡೆಸಿಕೊಂಡು ಬಂದ ಅನುಭವ ಅದಕ್ಕಿದೆ. ಆ ಹೆಂಗಸರೇ ಪರಿಷತ್ತಿನ ಮೆಟ್ಟಿಲು ಹತ್ತಲಿ ಎಂದು ಕಾಯದೆ, ಪರಿಷತ್ತೇ ದಂಡಿಗೆ ಹೋಗಿ ಮಾತಿನ ಕನ್ನಡದ ತರಗತಿ ನಡೆಸಲಿ. ಮಲ್ಲೇಶ್ವರ, ಬಸವನಗುಡಿಯಲ್ಲಿ ನಿವೃತ್ತ ಮೇಷ್ಟ್ರುಗಳಿಗೆ, ಟೀಚರಮ್ಮಂದಿರಿಗೆ ಬರವಿಲ್ಲ. ನಮ್ಮ ಖಾಸಗಿ ಶಾಲೆಗಳು ಈ ಹೆಂಗಸರಲ್ಲಿ ಓದಿದವರಿಗೆ ಹಿಂದಿಯನ್ನೋ ಗಣಿತವನ್ನೋ ಕಲಿಸುವ ಕೆಲಸ ಕೊಡಲಿ, ಎರಡೇ ವರ್ಷ ಇರುವವರು ಎಂಬ ನೆಪ ಬೇಡ. ಸೇನೆಯ ಅಧಿಕಾರಿಗಳ ಒಪ್ಪಿಗೆ ಈಗಲೇ ಪಡೆದರೆ ಜೂನ್‌ನಲ್ಲಿ ಶಾಲೆ ತೆರೆಯುವ ವಾರವೇ ಮೊದಲ ತರಗತಿ ಶುರುಮಾಡಬಹುದು.